ಮಳೆಗಾಲಕ್ಕೆ ಜೋಡಿ ಪುಸ್ತಕಗಳು: ಕಾರವಾರದಿಂದ ಶಿರಸಿವರೆಗೆ ಒಂದು ಓದಿನ ದಾರಿ

ಉತ್ತರ ಕನ್ನಡದಲ್ಲಿ ಮಳೆ ಹಿಡಿದ ಮೇಲೆ ಓದೋಕೆ ನೆಪ ಹುಡುಕಬೇಕಾಗಿಲ್ಲ. ಕರೆಂಟು ಹೋಗುತ್ತದೆ. ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಘಟ್ಟದಲ್ಲಿ ಮರ ಬಿದ್ದು ಬಸ್ಸು ನಿಂತರೆ ಮುಗಿಯಿತು, ಇಡೀ ಮಧ್ಯಾಹ್ನ ನಮ್ಮದೇ. ತೊಡಕು ಇರುವುದು ಯಾವ ಪುಸ್ತಕ ಎತ್ತಿಕೊಳ್ಳಬೇಕು ಅನ್ನುವುದರಲ್ಲಿ. ಯಾರನ್ನಾದರೂ ಕೇಳಿ ನೋಡಿ, ಪ್ರಶಸ್ತಿ ಬಂದ ಪುಸ್ತಕಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ದೀಪಾ ಭಾಸ್ತಿ ಅವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆಮೇಲಂತೂ ‘ಕನ್ನಡದಲ್ಲಿ ಇನ್ನೇನಿದೆ ಓದೋಕೆ’ ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಕೇಳುವುದು ಒಳ್ಳೆಯದೇ. ಆದರೆ ಪಟ್ಟಿ ಹಿಡಿದು ಶುರು ಮಾಡಿದವರಲ್ಲಿ ಬಹಳ ಜನ ಎರಡನೇ ಪುಸ್ತಕದ ನಲವತ್ತನೇ ಪುಟದಲ್ಲಿ ನಿಲ್ಲುತ್ತಾರೆ.

ಇಲ್ಲಿ ಹೇಳುತ್ತಿರುವ ದಾರಿ ಬೇರೆ. ಒಂದು ಕತೆಯ ಪುಸ್ತಕ ತೆಗೆದುಕೊಳ್ಳಿ, ಅದರ ಪಕ್ಕಕ್ಕೆ ಅದೇ ಮಣ್ಣಿನ ಒಂದು ನಿಜದ ಪುಸ್ತಕ ಇಟ್ಟುಕೊಳ್ಳಿ. ಆತ್ಮಕತೆ, ಇತಿಹಾಸ, ಪರಿಸರ, ಪ್ರಬಂಧ, ಏನಾದರೂ ಸರಿ. ಒಂದರಲ್ಲಿ ಅರ್ಥವಾಗದ್ದು ಇನ್ನೊಂದರಲ್ಲಿ ಬಿಡಿಸಿಕೊಳ್ಳುತ್ತದೆ. ನಮ್ಮ ಜಿಲ್ಲೆಗೆ ಈ ದಾರಿ ಚೆನ್ನಾಗಿ ಒಗ್ಗುತ್ತದೆ. ಕಡಲಿನವರು, ಘಟ್ಟದ ಮೇಲಿನವರು, ಊರು ಬಿಟ್ಟು ಮುಂಬೈ ಸೇರಿದವರು ಎಲ್ಲರೂ ಬರೆದಿದ್ದಾರೆ. ಜಿಲ್ಲೆಯ ಬಗ್ಗೆ ಹೊರಗಿನವರು ಬರೆದದ್ದೂ ಬೇಕಾದಷ್ಟಿದೆ.

ಮೊದಲು ತೆಳ್ಳಗಿನದು, ಅದೂ ಕಾರವಾರದಿಂದ

ದಪ್ಪ ಪುಸ್ತಕದಿಂದ ಶುರು ಮಾಡಬೇಡಿ. ಮೊದಲ ಓದು ಒಂದೇ ಕೂತಿಗೆಯಲ್ಲಿ ಮುಗಿಯಬೇಕು. ಅದಕ್ಕೆ ನಾನು ಹೇಳುವುದು ರವೀಂದ್ರನಾಥ ಠಾಕೂರರ ನೆನಪುಗಳ ಪುಸ್ತಕ ‘ಜೀವನಸ್ಮೃತಿ’. ಇಡೀ ಪುಸ್ತಕ ಬೇಡ, ಕಾರವಾರದ ಅಧ್ಯಾಯ ಸಾಕು. ಕೆಲವೇ ಪುಟ.

ಠಾಕೂರರ ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ತಮ್ಮ ಇಲ್ಲಿ ಬಂದು ಇದ್ದರು. ಆಗ ಅವರಿಗೆ ಇಪ್ಪತ್ತೆರಡು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗುತ್ತಾರೆ. ಶಿವಾಜಿ ಕಾಲದ ಒಂದು ಗುಡ್ಡದ ಕೋಟೆ ನೋಡುತ್ತಾರೆ. ಗುಡಿಸಿ ಚೊಕ್ಕ ಮಾಡಿದ್ದ ಒಬ್ಬ ರೈತನ ಅಂಗಳದಲ್ಲಿ ಕೂತು ತಂದ ಬುತ್ತಿ ಉಣ್ಣುತ್ತಾರೆ. ವಾಪಸ್ ಬರುವಾಗ ನದಿ ಕಡಲು ಸೇರುವಲ್ಲಿ ದೋಣಿ ಇಳಿದು ಮರಳ ಮೇಲೆ ನಡೆದುಕೊಂಡೇ ಮನೆ ಮುಟ್ಟುತ್ತಾರೆ. ಅಷ್ಟೇ. ಏನೂ ಆಗುವುದಿಲ್ಲ. ಆದರೆ ಆ ಗುಡಿಸಿದ ಅಂಗಳ ನೋಡಿ, ಇವತ್ತಿಗೂ ಸದಾಶಿವಗಡದ ಕಡೆ ಸಂಜೆ ಹೊತ್ತು ಹೋದರೆ ಅಂಥ ಅಂಗಳಗಳು ಕಾಣುತ್ತವೆ. ಅವರು ಕಾಳಿಗೆ ಹೋದದ್ದು ನಾವು ಭಾನುವಾರ ಹೋಗುವ ಹಾಗೇ ಅಲ್ವಾ ಅನ್ನಿಸುತ್ತದೆ.

ಇದರ ಜೋಡಿ ಪುಸ್ತಕ ‘ಪ್ರಕೃತಿರ್ ಪ್ರತಿಶೋಧ್’, ಅದೇ ಕಾರವಾರದಲ್ಲಿ ಬರೆದ ನಾಟಕ. ಲೋಕದ ಎಲ್ಲ ಕಟ್ಟು ಹರಿದುಕೊಂಡೆ ಅಂದುಕೊಂಡ ಸನ್ಯಾಸಿಯೊಬ್ಬನನ್ನು ಒಬ್ಬ ಪುಟ್ಟ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುತ್ತದೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಈ ನಾಟಕವೇ ಪೀಠಿಕೆ ಎಂಬ ಅರ್ಥದಲ್ಲಿ ಠಾಕೂರರೇ ಆ ಅಧ್ಯಾಯದಲ್ಲಿ ಬರೆದುಕೊಂಡಿದ್ದಾರೆ. ನಾಟಕವಾಗಿ ಅದು ಅಷ್ಟೇನೂ ಗಟ್ಟಿಯಲ್ಲ, ನನ್ನ ಮಟ್ಟಿಗೆ. ನೆನಪಿನ ಅಧ್ಯಾಯವೇ ಮೇಲು. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ಒಂದು ಮಜಾ ಇದೆ. ಒಬ್ಬ ಬರಹಗಾರ ಕಂಡದ್ದೇನು, ಅದರಿಂದ ಕಟ್ಟಿದ್ದೇನು ಅನ್ನುವುದು ಎದುರೆದುರೇ ಸಿಗುತ್ತದೆ. ನೆನಪುಗಳ ಪುಸ್ತಕದ ಹಳೆಯ ಇಂಗ್ಲಿಷ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಇದೆ.

ಮುಂಬೈ ಯಾಕೆ ಇಷ್ಟೊಂದು ಬರುತ್ತದೆ ಅಂತ ತಿಳಿದುಕೊಳ್ಳಿ

ನಮ್ಮ ಕರಾವಳಿಯ ಕತೆಗಾರರನ್ನು ಓದಲು ಹೊರಟವರಿಗೆ ಮೊದಲು ಆಗುವ ಗೊಂದಲ ಇದು. ಹನೇಹಳ್ಳಿಯವರು, ಗೋಕರ್ಣದವರು ಅಂತ ಪುಸ್ತಕ ತೆಗೆದರೆ ಒಳಗೆ ಚಾಳು, ಲೋಕಲ್ ರೈಲು, ಇರಾನಿ ಹೋಟೆಲು. ‘ನಮ್ಮೂರು ಎಲ್ಲಿ?’ ಎಂದು ಒಬ್ಬರು ನಮ್ಮ ಓದಿನ ಕೂಟದಲ್ಲಿ ಕೇಳಿಯೇ ಬಿಟ್ಟರು.

ಉತ್ತರ ಹಳೆಯ ಗೆಜೆಟಿಯರಿನಲ್ಲಿದೆ, ಅಂದರೆ ಬ್ರಿಟಿಷ್ ಸರಕಾರ ಜಿಲ್ಲೆ ಜಿಲ್ಲೆಯ ವಿವರ ಬರೆಸಿದ ಪುಸ್ತಕದಲ್ಲಿ. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬೈ ಪ್ರಾಂತ್ಯದ ಗೆಜೆಟಿಯರಿನ 15ನೇ ಸಂಪುಟ ಪೂರ್ತಿ ನಮ್ಮ ಜಿಲ್ಲೆಯದ್ದು. ಎರಡು ಭಾಗ, 1883ರಲ್ಲಿ ಅಚ್ಚಾದದ್ದು. ಠಾಕೂರರು ಕಾಳಿಯಲ್ಲಿ ದೋಣಿ ಹತ್ತಿದ ವರ್ಷವೇ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈಗೆ ಸೇರಿಸಿದರು. ಅಲ್ಲಿಂದ 1956ರವರೆಗೆ ಕಾರವಾರದವರ ಪಾಲಿಗೆ ರಾಜಧಾನಿ ಅಂದರೆ ಮುಂಬೈ. ಓದು, ಕೆಲಸ, ದೊಡ್ಡ ಆಸ್ಪತ್ರೆ, ಎಲ್ಲದಕ್ಕೂ ಮುಖ ಆ ಕಡೆಗೇ. ಕುಮಟಾ ಬಂದರಿನಿಂದ ಧಾರವಾಡದ ಕಡೆಯ ಹತ್ತಿ ಹಡಗು ಹತ್ತಿ ಹೋಗುತ್ತಿತ್ತು. ಆ ಹತ್ತಿಗೆ ಪೇಟೆಯಲ್ಲಿ ಕುಮಟೆಯದೇ ಹೆಸರಿತ್ತು. ಹತ್ತಿ ಹೋದ ದಾರಿಯಲ್ಲೇ ಜನರೂ ಹೋದರು.

ಗೆಜೆಟಿಯರನ್ನು ಮೊದಲಿಂದ ಕೊನೆವರೆಗೆ ಓದಬೇಡಿ, ತಲೆ ಕೆಡುತ್ತದೆ. ಎರಡನೇ ಭಾಗದಲ್ಲಿ ಊರುಗಳ ವಿವರ ಅಕ್ಷರಮಾಲೆಯ ಕ್ರಮದಲ್ಲಿದೆ. ಮೊದಲು ನಿಮ್ಮೂರು ಹುಡುಕಿ. ಆಮೇಲೆ ಕುಮಟಾ, ಕಾರವಾರ. ಆಮೇಲೆ ಮೊದಲ ಭಾಗದಲ್ಲಿ ವ್ಯಾಪಾರದ ಅಧ್ಯಾಯ. ಒಂದು ಎಚ್ಚರ ಇರಲಿ: ಜಾತಿಗಳ ಬಗ್ಗೆ ಬರೆದ ಭಾಗದಲ್ಲಿ ಆಳುವವರ ಸೊಕ್ಕು ಧಾರಾಳವಾಗಿದೆ. ಯಾವ ಸಮುದಾಯ ಹೇಗೆ ಅಂತ ಎರಡು ಸಾಲಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ. ಪೆನ್ಸಿಲ್ ಹಿಡಿದು, ಪಕ್ಕದಲ್ಲಿ ಪ್ರಶ್ನೆ ಬರೆಯುತ್ತಾ ಓದಿ. ಸ್ಕ್ಯಾನ್ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಗುತ್ತದೆ.

ಇದಾದ ಮೇಲೆ ಜಯಂತ ಕಾಯ್ಕಿಣಿ ತೆಗೆಯಿರಿ. ಹುಟ್ಟಿದ್ದು 1955ರಲ್ಲಿ, ಗೋಕರ್ಣದಲ್ಲಿ. ‘ದಗಡೂ ಪರಬನ ಅಶ್ವಮೇಧ’, ‘ಅಮೃತಬಳ್ಳಿ ಕಷಾಯ’, ‘ಬಣ್ಣದ ಕಾಲು’, ‘ತೂಫಾನ್ ಮೇಲ್’, ಯಾವ ಸಂಕಲನವಾದರೂ ನಡೆಯುತ್ತದೆ. ನನ್ನ ಸಲಹೆ ‘ಒಪೆರಾ ಹೌಸ್’ ಕತೆಯಿಂದ ಶುರು ಮಾಡಿ ಅಂತ. ಮುಚ್ಚುವುದಕ್ಕೆ ಬಂದ ಒಂದು ಸಿನಿಮಾ ಥಿಯೇಟರ್. ಅಲ್ಲಿ ಕಸ ಗುಡಿಸುವ ಇಂದ್ರನೀಲ. ಪ್ರೇಕ್ಷಕರು ಸೀಟಿನ ಕೆಳಗೆ ಮರೆತುಹೋದ ವಸ್ತುಗಳು ಅವನ ಕೈಗೆ ಸಿಗುತ್ತವೆ. ಒಂದು ದಿನ ಒಂದು ಫ್ಲಾಸ್ಕು ಸಿಗುತ್ತದೆ. ಇಷ್ಟು ಹೇಳಿದರೆ ಸಾಕು, ಉಳಿದದ್ದು ನೀವೇ ಓದಿ. ಕಾಯ್ಕಿಣಿಯವರಲ್ಲಿ ಕತೆ ನಡೆಯುವುದು ಇಂಥ ವಸ್ತುಗಳ ಮೂಲಕ. ‘ನೋ ಪ್ರೆಸೆಂಟ್ಸ್ ಪ್ಲೀಸ್’ನಲ್ಲಿ ಮದುವೆ ಆಗಲಿರುವ ಇಬ್ಬರು ಬಡವರು ಲಗ್ನಪತ್ರಿಕೆಯಲ್ಲಿ ಏನು ಅಚ್ಚು ಹಾಕಿಸಬೇಕು ಅಂತ ಕೂತು ಚರ್ಚೆ ಮಾಡುತ್ತಾರೆ. ಹಿಂದೆಮುಂದೆ ಯಾರೂ ಇಲ್ಲದ ಹುಡುಗನಿಗೆ ಹೆಸರಿನ ಮುಂದೆ ಏನು ಬರೆಯಬೇಕು ಅನ್ನುವುದೇ ದೊಡ್ಡ ಸಮಸ್ಯೆ. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ಅವರ ಮುಂಬೈ ಕತೆಗಳ ಸಂಕಲನಕ್ಕೂ ಇದೇ ಕತೆಯ ಹೆಸರು. ಅದಕ್ಕೆ 2018ರ ಸಾಲಿನ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಬಹುಮಾನ ಬಂತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಅದನ್ನು ಕೊಟ್ಟು, ನೀವು ಕನ್ನಡದ್ದು ಓದಿ ಸಂಜೆ ಮಾತಾಡಬಹುದು.

ಜೋಡಿಗೆ ಅವರದೇ ಪ್ರಬಂಧಗಳಿವೆ, ‘ಬೊಗಸೆಯಲ್ಲಿ ಮಳೆ’. ದಿನಕ್ಕೆ ಒಂದು, ಚಾ ಕುಡಿಯುತ್ತಾ. ಅದಕ್ಕಿಂತ ಜಾಸ್ತಿ ಓದಬೇಡಿ, ಒಂದರ ರುಚಿ ಇನ್ನೊಂದಕ್ಕೆ ಹತ್ತಿಬಿಡುತ್ತದೆ.

ಚಿತ್ತಾಲರ ಮನೆಗೆ ಕತೆಗಳ ಬಾಗಿಲಿಂದ ಹೋಗಿ

ಈಗ ಯಶವಂತ ಚಿತ್ತಾಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಈ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಜನ ಅರ್ಧಕ್ಕೆ ಬಿಡುವುದು ಇವರನ್ನು.

1928ರಲ್ಲಿ ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ ಹುಟ್ಟಿದರು. ಕವಿ ಗಂಗಾಧರ ಚಿತ್ತಾಲರು ಇವರ ಅಣ್ಣ. ಪಕ್ಕದ ಬಂಕಿಕೊಡ್ಲದ ಆನಂದಾಶ್ರಮ ಶಾಲೆಯಲ್ಲಿ ಜಯಂತರ ತಂದೆ ಗೌರೀಶ ಕಾಯ್ಕಿಣಿ ಮಾಸ್ತರಾಗಿದ್ದರು. ‘ಬಕುಲದ ಹೂಗಳು’ ಬರೆದ ಸು.ರಂ. ಎಕ್ಕುಂಡಿಯವರೂ ಅದೇ ಶಾಲೆಯಲ್ಲಿ ಪಾಠ ಮಾಡಿದವರು. ಸೈಕಲ್ಲಿನಲ್ಲಿ ಸುತ್ತಿ ಬರಬಹುದಾದ ಜಾಗದಲ್ಲಿ ಇಷ್ಟು ಜನ! ಇನ್ನೊಂದು ತಮಾಷೆ ನೋಡಿ. ಚಿತ್ತಾಲರು ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿದ್ದ ತಂತ್ರಜ್ಞರು. ಜಯಂತರು ಔಷಧ ಕಂಪನಿಯಲ್ಲಿದ್ದ ಜೀವರಸಾಯನ ಓದಿದವರು. ನಮ್ಮ ಕರಾವಳಿಯ ಇಬ್ಬರು ದೊಡ್ಡ ಕತೆಗಾರರ ಅನ್ನ ರಸಾಯನಶಾಸ್ತ್ರದಿಂದ ಬಂದದ್ದು.

ಎಲ್ಲರೂ ಹೊಗಳುವುದು 1979ರ ‘ಶಿಕಾರಿ’ಯನ್ನು. ಹೊಗಳಿಕೆ ನ್ಯಾಯವಾದದ್ದೇ. ಮುಂಬೈಯ ಕಂಪನಿಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿರುವ ನಾಗಪ್ಪ. ಒಂದು ದಿನ ಅವನನ್ನು ಸಸ್ಪೆಂಡ್ ಮಾಡುತ್ತಾರೆ. ತಪ್ಪೇನು ಅಂತ ಸರಿಯಾಗಿ ಹೇಳುವುದಿಲ್ಲ. ಯಾರು ಬೆನ್ನು ಹತ್ತಿದ್ದಾರೆ, ಯಾಕೆ, ಏನೂ ಗೊತ್ತಾಗದೆ ಅವನ ತಲೆಯೊಳಗೇ ಬೇಟೆ ನಡೆಯುತ್ತದೆ. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ, ಅದರಲ್ಲೂ ಕೆಲಸ ಹೋಗುವ ಭಯ ಕಂಡವರಿಗೆ ಈ ಕಾದಂಬರಿ ನಿದ್ದೆ ಕೆಡಿಸುತ್ತದೆ. ಆದರೆ ಓದೋದು ಸುಲಭವಲ್ಲ. ವಾಕ್ಯಗಳು ಉದ್ದ. ಅನುಮಾನದ ಮೇಲೆ ಅನುಮಾನ. ಹೊರಗಿನ ಘಟನೆ ಕಡಿಮೆ.

ಹಾಗಾಗಿ ಮೊದಲು ಕತೆಗಳು. 1980ರ ‘ಕತೆಯಾದಳು ಹುಡುಗಿ’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಅದಕ್ಕೂ ಹಿಂದಿನ ‘ಆಬೋಲಿನ’, ‘ಆಟ’ ಸಂಕಲನಗಳೂ ಇವೆ. ಹನೇಹಳ್ಳಿ ಇರುವ ಎರಡು ಕತೆ, ಮುಂಬೈ ಇರುವ ಎರಡು ಕತೆ ಆರಿಸಿಕೊಳ್ಳಿ. ಓದಿ ಆದ ಮೇಲೆ ‘ಶಿಕಾರಿ’ಗೆ ಹೋದರೆ ನಾಗಪ್ಪ ಪರಕೀಯನಾಗಿ ಕಾಣುವುದಿಲ್ಲ. ಊರಲ್ಲಿ ಆದದ್ದನ್ನು ಹೊತ್ತುಕೊಂಡೇ ಅವನು ಮುಂಬೈಗೆ ಹೋಗಿದ್ದಾನೆ ಅಂತ ಗೊತ್ತಾಗುತ್ತದೆ.

‘ಶಿಕಾರಿ’ ಓದುವಾಗ ಎರಡು ಉಪಾಯ ಮಾಡಿ. ಒಂದು, ಹೆಸರುಗಳನ್ನು ಹಿಂದಿನ ಖಾಲಿ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ, ಯಾರು ಯಾರಿಗೆ ಏನಾಗಬೇಕು ಅಂತ. ಎರಡು, ನಾಗಪ್ಪ ಅಂದುಕೊಂಡದ್ದು ಯಾವುದು, ನಿಜವಾಗಿ ಆದದ್ದು ಯಾವುದು ಅಂತ ಗುರುತು ಹಾಕುತ್ತಾ ಹೋಗಿ. ಅರ್ಧ ಪುಸ್ತಕದ ಹೊತ್ತಿಗೆ ಎರಡರ ನಡುವಿನ ಗೆರೆ ನಿಮಗೇ ಸಿಗುವುದಿಲ್ಲ. ಸಿಗದೇ ಹೋದರೆ ಗಾಬರಿ ಬೇಡ, ಸರಿಯಾಗಿಯೇ ಓದುತ್ತಿದ್ದೀರಿ.

ಕಾಯ್ಕಿಣಿ ಓದಿದ ಬೆನ್ನಿಗೇ ಚಿತ್ತಾಲರನ್ನು ಓದಿ ಅನ್ನುವುದಕ್ಕೂ ಕಾರಣ ಇದೆ. ಒಬ್ಬರ ಮುಂಬೈಯಲ್ಲಿ ಅಪರಿಚಿತರು ಕೈ ಹಿಡಿಯುತ್ತಾರೆ. ಇನ್ನೊಬ್ಬರ ಮುಂಬೈಯಲ್ಲಿ ಪರಿಚಿತರೇ ಬಲೆ ಬೀಸುತ್ತಾರೆ. ಯಾವುದು ನಿಜ ಅಂತ ನಮ್ಮ ಕೂಟದಲ್ಲಿ ಒಂದು ಸಂಜೆ ಪೂರ್ತಿ ಜಗಳವಾಯಿತು. ಮುಂಬೈಯಲ್ಲಿ ನೌಕರಿ ಮಾಡಿ ರಿಟೈರಾಗಿ ಬಂದವರೊಬ್ಬರು, ಬೆಳಿಗ್ಗೆ ರೈಲಿನಲ್ಲಿ ಕಾಯ್ಕಿಣಿ, ಹತ್ತು ಗಂಟೆ ಮೇಲೆ ಆಫೀಸಿನಲ್ಲಿ ಚಿತ್ತಾಲ ಅಂದರು. ಜಗಳ ಅಲ್ಲಿಗೆ ನಿಂತಿತು.

‘ಘಾಚರ್ ಘೋಚರ್’ಗೆ ಒಂದು ಸಂಜೆ ಸಾಕು

ವಿವೇಕ ಶಾನಭಾಗ ಅಂಕೋಲೆಯವರು. ‘ಘಾಚರ್ ಘೋಚರ್’ ಸಣ್ಣ ಪುಸ್ತಕ. ಕನ್ನಡದಲ್ಲಿ 2013ರಲ್ಲಿ, ಶ್ರೀನಾಥ್ ಪೇರೂರ್ ಅನುವಾದದಲ್ಲಿ ಇಂಗ್ಲಿಷಿಗೆ 2015ರಲ್ಲಿ ಬಂತು. ಆಮೇಲೆ ಹೊರದೇಶದ ವಿಮರ್ಶಕರೂ ಬಹಳ ಮೆಚ್ಚಿದರು. ಕತೆ ನಡೆಯುವುದು ಬೆಂಗಳೂರಿನಲ್ಲಿ. ಮಸಾಲೆ ವ್ಯಾಪಾರದಿಂದ ದಿಢೀರ್ ಹಣ ಕಂಡ ಒಂದು ಕೂಡುಕುಟುಂಬ. ಹೇಳುವವನು ಏನೂ ಕೆಲಸ ಮಾಡದ ಮಗ.

ಇದನ್ನು ಓದುವ ಕ್ರಮ ಹೀಗೆ. ಒಂದೇ ಸಂಜೆ, ಒಂದೇ ಕೂತಿಗೆ. ಆಮೇಲೆ ಎರಡು ಭಾಗಕ್ಕೆ ಮರಳಿ ಹೋಗಿ. ಒಂದು, ಹಳೆಯ ಮನೆಯ ಇರುವೆಗಳು. ಬಡತನದ ದಿನಗಳಲ್ಲಿ ಇಡೀ ಮನೆ ಇರುವೆಗಳ ಮೇಲೆ ಯುದ್ಧ ಸಾರುತ್ತದೆ. ಮೊದಲ ಸಲ ಓದುವಾಗ ನಗು ಬರುತ್ತದೆ. ಎರಡನೇ ಸಲ ನಗು ಬರುವುದಿಲ್ಲ. ಇನ್ನೊಂದು, ಚಿಕ್ಕಪ್ಪನನ್ನು ಕೇಳಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರುವುದು. ಅವಳ ಕೈಯಲ್ಲಿ ಮಸೂರ ಬೇಳೆಯ ಸಾರು. ಚಿಕ್ಕಪ್ಪನಿಗೆ ಇಷ್ಟ ಅಂತ ಮಾಡಿ ತಂದದ್ದು. ಮನೆಯ ಹೆಂಗಸರು ಅವಳನ್ನು ಬೈದು ಓಡಿಸುತ್ತಾರೆ, ಸಾರು ಚೆಲ್ಲಿಹೋಗುತ್ತದೆ. ನಿರೂಪಕ ಸುಮ್ನೆ ನಿಂತು ನೋಡುತ್ತಾನೆ. ಚಿಕ್ಕಪ್ಪ ಕೋಣೆಯಿಂದ ಹೊರಗೆ ಬರುವುದೇ ಇಲ್ಲ. ಮಸೂರದ ಪರಿಮಳ ಮಾತ್ರ ಉಳಿಯುತ್ತದೆ.

ಕೂಟದಲ್ಲಿ ಓದುವವರು ಇದನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಒಂದೇ ಪ್ರಶ್ನೆ ಕೇಳಿ: ಈ ಮನೆಯಲ್ಲಿ ತಪ್ಪು ಯಾರದು? ಮಾತು ತಾನಾಗಿ ಹರಿಯುತ್ತದೆ. ಕೂಡುಕುಟುಂಬ ಕಂಡವರಿಗೆ ಈ ಮನೆ ಬಹಳ ಗೊತ್ತಿರುವ ಮನೆ.

ಇದು ಹಿಡಿಸಿದರೆ ಅವರದೇ ‘ಒಂದು ಬದಿ ಕಡಲು’ ಕಾದಂಬರಿ ಓದಿ. ಅದರಲ್ಲಿ ನಮ್ಮ ಕರಾವಳಿ ಇದೆ. ಹೊಗಳಿಕೆ ಅಷ್ಟು ಸಿಗಲಿಲ್ಲ, ನನಗಂತೂ ಅದೇ ಹೆಚ್ಚು ಹತ್ತಿರ.

ಘಟ್ಟ ಹತ್ತಿ: ಶಿರಸಿಯ ಆಟ, ಶಿರಸಿಯ ಕಾಡು

ಗಿರೀಶ ಕಾರ್ನಾಡರ ಆತ್ಮಕತೆ ‘ಆಡಾಡತ ಆಯುಷ್ಯ’ 2011ರಲ್ಲಿ ಮನೋಹರ ಗ್ರಂಥಮಾಲೆಯಿಂದ ಬಂತು. ಹುಟ್ಟಿದ್ದು ಮಾಥೇರಾನಿನಲ್ಲಾದರೂ ಬಾಲ್ಯ ಕಳೆದದ್ದು ಶಿರಸಿಯಲ್ಲಿ. ತಂದೆ ಅಲ್ಲಿ ಸರಕಾರಿ ವೈದ್ಯರು. ಪುಸ್ತಕ ಶುರುವಾಗುವ ರೀತಿಯೇ ಬೆಚ್ಚಿಬೀಳಿಸುತ್ತದೆ. ಮಗು ಬೇಡ ಅಂತ ತಾಯಿ ಪುಣೆಯ ಒಬ್ಬ ಡಾಕ್ಟರ್ ಹತ್ತಿರ ಹೋಗಿದ್ದರಂತೆ. ಕಾದು ಕೂತರೂ ಡಾಕ್ಟರ್ ಬರಲಿಲ್ಲ. ಆ ಡಾಕ್ಟರಿಗೇ ಕಾರ್ನಾಡರು ಪುಸ್ತಕ ಅರ್ಪಿಸಿದ್ದಾರೆ. ಇಂಥ ಮಾತನ್ನು ಇಷ್ಟು ತಣ್ಣಗೆ ಹೇಳುವ ಆತ್ಮಕತೆ ಕನ್ನಡದಲ್ಲಿ ಅಪರೂಪ.

ಶಿರಸಿಯ ಭಾಗ ನಿಧಾನವಾಗಿ ಓದಿ. ಕಂಪನಿ ನಾಟಕ ಮತ್ತು ಯಕ್ಷಗಾನ ಎರಡನ್ನೂ ಅವರು ಕಂಡದ್ದು ಇಲ್ಲಿ. ಮುಗಿಸಿದ ತಕ್ಷಣ 1971ರ ‘ಹಯವದನ’ ನಾಟಕ ಓದಿ. ವೇದಿಕೆ ಮೇಲೆ ಭಾಗವತ ಇದ್ದಾನೆ. ಇಬ್ಬರು ಹಿಡಿದುಕೊಂಡ ಅರ್ಧ ತೆರೆ ಇದೆ. ತೆರೆಯ ಹಿಂದಿನಿಂದ ಪಾತ್ರ ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುವ ಆಟ ಇದೆ. ಒಡ್ಡೋಲಗ ನೋಡಿ ಬೆಳೆದ ನಮ್ಮವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ತಲೆ ಅದಲುಬದಲಾದ ಇಬ್ಬರು ಗೆಳೆಯರ ಕತೆ ಬಂದದ್ದು ಕಥಾಸರಿತ್ಸಾಗರದಿಂದ, ಅದನ್ನು ಥಾಮಸ್ ಮಾನ್ ಬೆಳೆಸಿದ ರೀತಿಯಿಂದ. ಹೇಳುವ ಚೌಕಟ್ಟಿನಲ್ಲಿ ಮಾತ್ರ ನಮ್ಮ ಬಯಲಾಟ ಇದೆ. ಪಾತ್ರ ಹಂಚಿಕೊಂಡು ಜಗಲಿಯಲ್ಲಿ ಕೂತು ಓದಿದರೆ ಇನ್ನೂ ಚೆಂದ.

ತೆರೆಯ ಆ ಕಡೆಯವರು ಏನು ಹೇಳುತ್ತಾರೆ ಅಂತ ತಿಳಿಯಬೇಕಾದರೆ ಕೆರೆಮನೆ ಶಿವರಾಮ ಹೆಗಡೆಯವರ ‘ನೆನಪಿನ ರಂಗಸ್ಥಳ’ ಇದೆ. ಹೊನ್ನಾವರ ತಾಲೂಕಿನ ಗುಣವಂತೆಯ ಕಡೆಯವರು. 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದವರು.

ಕಾಡಿನ ಜೋಡಿ ಇನ್ನೂ ಗಟ್ಟಿ. ಮಾಧವ ಗಾಡ್ಗೀಳರ ಆತ್ಮಕತೆ 2023ರಲ್ಲಿ ಇಂಗ್ಲಿಷಿನ ಜೊತೆಗೇ ಹಲವು ಭಾರತೀಯ ಭಾಷೆಗಳಲ್ಲಿ ಬಂತು. ಕನ್ನಡದಲ್ಲಿ ‘ಏರುಘಟ್ಟದ ನಡಿಗೆ’. ಇದರಲ್ಲಿ ನಮ್ಮ ಜಿಲ್ಲೆಯ ಬಿದಿರಿನ ಭಾಗ ತಪ್ಪಿಸಬೇಡಿ. 1970ರ ದಶಕದಲ್ಲಿ ಕಾಗದ ಕಾರ್ಖಾನೆಗೆ ಹೋಗುತ್ತಿದ್ದ ಬಿದಿರು ಯಾಕೆ ಮುಗಿಯುತ್ತಿದೆ ಅಂತ ನೋಡಲು ಗಾಡ್ಗೀಳರು ಬಂದರು. ಬಿದಿರ ಮೆಳೆಯ ಬುಡದಲ್ಲಿ ದಟ್ಟ ಮುಳ್ಳು ಇರುತ್ತದಲ್ಲ, ಅದನ್ನು ಕಡಿದು ಚೊಕ್ಕ ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಅನ್ನುವುದು ಇಲಾಖೆಯ ಲೆಕ್ಕ. ಹಳ್ಳಿಯವರು ಬೇರೆ ಹೇಳಿದರು. ಮುಳ್ಳಿದ್ದರೆ ಎಳೆ ಕಳಲೆಗೆ ದನ, ಕಾಡುಪ್ರಾಣಿ ಬಾಯಿ ಹಾಕಲಾಗದು, ಮುಳ್ಳು ತೆಗೆದರೆ ಹೊಸ ಮೊಳಕೆ ಒಂದೂ ಉಳಿಯದು ಅಂತ. ಅಳೆದು ನೋಡಿದಾಗ ಹಳ್ಳಿಯವರ ಮಾತೇ ಸರಿಯಾಗಿತ್ತು. ಕಳಲೆ ಪಲ್ಯ ಉಂಡ ಯಾರಿಗಾದರೂ ಇದು ಹೊಸದಲ್ಲ. ವಿಜ್ಞಾನಿಯೊಬ್ಬರು ಕೇಳಿಸಿಕೊಂಡದ್ದು ಹೊಸದು.

ಇದಕ್ಕೆ ಜೋಡಿ ಕಾದಂಬರಿ ಶಿರಸಿಯ ಶಿವಾನಂದ ಕಳವೆಯವರ ‘ಮಧ್ಯಘಟ್ಟ’. ಕಾದಂಬರಿ ಬೇಡ, ಇನ್ನೂ ವಿಷಯವೇ ಬೇಕು ಅನ್ನುವವರಿಗೆ ಶಿರಸಿ ತಾಲೂಕಿನವರೇ ಆದ ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’. ಹೊನ್ನಾವರದ ಕೃಷ್ಣಾನಂದ ಕಾಮತರ ‘ಪ್ರಾಣಿ ಪರಿಸರ’ ಸಿಕ್ಕರೆ ಬಿಡಬೇಡಿ, ಮಕ್ಕಳಿಗೂ ಓದಿ ಹೇಳಬಹುದು.

ಬನವಾಸಿ ಇರುವ ತಾಲೂಕಿನಲ್ಲಿ ಪಂಪನನ್ನು ಯಾಕೆ ಬಿಟ್ಟೆ ಅಂತ ಕೇಳಬಹುದು. ಆ ಒಂದು ಸಾಲು ಎಲ್ಲರಿಗೂ ಬಾಯಿಪಾಠ, ಪುಸ್ತಕ ತೆರೆದವರು ಕಡಿಮೆ. ಹಳಗನ್ನಡಕ್ಕೆ ಬೇರೆಯೇ ಒಂದು ಮಳೆಗಾಲ ಇಟ್ಟುಕೊಳ್ಳೋಣ.

ಪಟ್ಟಿಯಲ್ಲಿ ಯಾರಿಲ್ಲ ಅಂತ ನೋಡಿ

ಇಷ್ಟು ಹೊತ್ತಿಗೆ ನಿಮಗೇ ಅನ್ನಿಸಿರಬಹುದು, ಎಲ್ಲ ಗಂಡಸರೇ ಆದರಲ್ಲ ಅಂತ. ಹೊಗಳಿಕೆಯ ಪಟ್ಟಿ ಹಿಡಿದರೆ ಹೀಗೇ ಆಗುತ್ತದೆ. ವಿಮರ್ಶಕರು ಎಲ್ಲಿ ನೋಡಿದರೋ ಅಲ್ಲಿಗೆ ಮಾತ್ರ ನಾವೂ ಹೋಗುತ್ತೇವೆ. ಅಂಕೋಲೆ ಕಡೆಯ ಸುನಂದಾ ಕಡಮೆಯವರ ‘ಪುಟ್ಟ ಪಾದದ ಗುರುತು’ ಸಂಕಲನ ಸೇರಿಸಿಕೊಳ್ಳಿ. ದೊಡ್ಡ ಘಟನೆಗಳಿಲ್ಲದ ಮನೆಯೊಳಗಿನ ಕತೆಗಳು. ‘ಘಾಚರ್ ಘೋಚರ್’ನ ಹೆಂಗಸರನ್ನು ಮಗ ಹೇಳಿದಂತೆ ಕೇಳಿದಿರಿ. ಇಲ್ಲಿ ಹೆಂಗಸರೇ ಹೇಳುವುದು ಕೇಳಿ. ಹಾಸನದ ಬಾನು ಮುಷ್ತಾಕ್ ಅವರ ಕತೆಗಳನ್ನು ಇದರ ಪಕ್ಕಕ್ಕಿಟ್ಟರೆ ಹಾಸನವೂ ಅಂಕೋಲೆಯೂ ಮಾತಾಡಿಕೊಳ್ಳುತ್ತವೆ.

ಹಾಲಕ್ಕಿಯವರು, ಸಿದ್ದಿಯವರು, ಮೀನುಗಾರರು, ಕಾಳಿ ಅಣೆಕಟ್ಟಿಗೆ ಊರು ಬಿಟ್ಟವರು ಹೇಳಿದ್ದು ಬಹಳಷ್ಟು ಇನ್ನೂ ಬಾಯಿಮಾತಿನಲ್ಲೇ ಇದೆ. ನಿಮ್ಮ ಊರಲ್ಲಿ ಅಂಥ ಹಾಡು, ಕತೆ ಗೊತ್ತಿರುವವರಿದ್ದರೆ ಒಂದು ಸಂಜೆ ಪ್ರಿಂಟಾದ ಪುಸ್ತಕ ಬದಿಗಿಟ್ಟು ಅವರನ್ನು ಕರೆಯಿರಿ.

ಕೂಟ ಮಾಡುವುದಾದರೆ

ನಾಲ್ಕೈದು ಜನ ಸಾಕು. ಹತ್ತು ದಾಟಿದರೆ ಅದು ಸಭೆಯಾಗುತ್ತದೆ, ಸಭೆಯಾದರೆ ಸ್ವಾಗತ, ವಂದನಾರ್ಪಣೆ ಎಲ್ಲ ಬರುತ್ತದೆ. ಪುಸ್ತಕ ಆರಿಸಿದವರು ಕೊನೆಯಲ್ಲಿ ಮಾತಾಡಬೇಕು, ಮೊದಲಲ್ಲ. ಪ್ರತಿ ಸಲ ಎರಡು ಪುಟ ಗಟ್ಟಿಯಾಗಿ ಓದಿಸಿ. ನಮ್ಮ ಕಡೆಯ ಬರಹಗಳಲ್ಲಿ ಕೊಂಕಣಿ, ಹವ್ಯಕ, ನಾಡವರ ಮಾತು ನಡುನಡುವೆ ಬರುತ್ತದೆ. ಆ ಮಾತು ಮನೆಯಲ್ಲಿ ಆಡುವವರ ಬಾಯಲ್ಲೇ ಅದನ್ನು ಓದಿಸಿದರೆ ಅಡಿಟಿಪ್ಪಣಿ ಬೇಕಾಗುವುದಿಲ್ಲ. ಪುಸ್ತಕ ಮುಗಿಸದೆ ಬಂದವರನ್ನು ಬೈಯಬೇಡಿ. ಎಲ್ಲಿ ನಿಂತಿತು ಅಂತ ಕೇಳಿ. ಎಷ್ಟೋ ಸಲ ಪುಸ್ತಕದ ಬಗ್ಗೆ ಒಳ್ಳೆಯ ಮಾತು ಅಲ್ಲಿಂದಲೇ ಬರುತ್ತದೆ.

ಅಡಿಕೆ ಕೊಯ್ಲು ಶುರುವಾದರೆ ಘಟ್ಟದ ಮೇಲಿನವರು ಸಿಗುವುದಿಲ್ಲ. ಹಾಗಾಗಿ ದಪ್ಪ ಪುಸ್ತಕಗಳನ್ನು ಆಗಸ್ಟ್ ಒಳಗೇ ಮುಗಿಸಿಕೊಳ್ಳಿ.

ಪುಸ್ತಕ ಎಲ್ಲಿ, ಸಿಕ್ಕ ಮೇಲೆ ಎಲ್ಲಿಡೋದು

ಮೊದಲು ಗ್ರಂಥಾಲಯ. ಕಾರವಾರದ ಜಿಲ್ಲಾ ಗ್ರಂಥಾಲಯ, ತಾಲೂಕು ಶಾಖೆಗಳು, ಪಂಚಾಯಿತಿ ಗ್ರಂಥಾಲಯ. ಹಳೆಯ ಚಿತ್ತಾಲ, ಕಾಮತರ ಪುಸ್ತಕಗಳು ಅಂಗಡಿಗಿಂತ ಅಲ್ಲಿನ ಕಪಾಟಿನ ಹಿಂದಿನ ಸಾಲಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಮುಂದಿನ ಸಾಲು ಸರಿಸಿ ನೋಡಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯಕ್ಕೆ ಮೊಬೈಲಿನಲ್ಲೇ ಪುಕ್ಕಟೆ ಹೆಸರು ನೋಂದಾಯಿಸಬಹುದು. ಧಾರವಾಡಕ್ಕೆ ಹೋದರೆ ಸುಭಾಷ್ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ಬನ್ನಿ. ಸಿದ್ದಾಪುರದ ಕಡೆಯವರಿಗೆ ಸಾಗರದ ಹತ್ತಿರದ ಹೆಗ್ಗೋಡು ದೂರವಲ್ಲ. ಶಾನಭಾಗರ ಪುಸ್ತಕ ತರುವ ಅಕ್ಷರ ಪ್ರಕಾಶನ ಅಲ್ಲಿದೆ. ಕಾಯ್ಕಿಣಿಯವರ ಪುಸ್ತಕಗಳಿಗೆ ಬೆಂಗಳೂರಿನ ಅಂಕಿತ ಪುಸ್ತಕ. ಎಲ್ಲವೂ ಪೋಸ್ಟಿನಲ್ಲಿ ಬರುತ್ತದೆ. ಜುಲೈಯಲ್ಲಿ ತರಿಸುವುದಾದರೆ ಪ್ಲಾಸ್ಟಿಕ್ ಸುತ್ತಿ ಕಳಿಸಿ ಅಂತ ಫೋನಿನಲ್ಲಿ ಒಂದು ಮಾತು ಹೇಳಿ.

ಬೂಷ್ಟು ನಮ್ಮ ಕಡೆಯ ಪುಸ್ತಕಗಳ ದೊಡ್ಡ ಶತ್ರು. ಹೊರಗೋಡೆಗೆ ತಾಗಿಸಿ ಕಪಾಟು ಇಡಬೇಡಿ, ನಡುವೆ ನಾಲ್ಕು ಬೆರಳು ಗಾಳಿ ಇರಲಿ. ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಬೇಡಿ. ಗಾಜಿನ ಬಾಗಿಲಿದ್ದರೆ ಮಳೆ ಬಿಟ್ಟ ದಿನ ತೆರೆದಿಡಿ. ಹಳೆಯ ಮನೆಯವರಿಗೆ ಅಡುಗೆಮನೆಯ ಮೇಲಿನ ಮೆತ್ತು ಇದ್ದರೆ ಬೆಚ್ಚಗಿರುತ್ತದೆ, ಆದರೆ ಹೊಗೆ ತಾಗಿ ಪುಟ ಹಳದಿಯಾಗುತ್ತದೆ. ಎರಡರಲ್ಲಿ ಒಂದು ಆರಿಸಿಕೊಳ್ಳಬೇಕು. ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಮತ್ತಷ್ಟು ಹರಡುತ್ತದೆ. ಪುಸ್ತಕ ಪೂರ್ತಿ ಒಣಗಲಿ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಗ್ರಂಥಾಲಯದ ಪುಸ್ತಕವಾದರೆ ವಾಪಸ್ ಕೊಡುವಾಗ ಕೌಂಟರಿನಲ್ಲಿ ಹೇಳಿಬಿಡಿ, ಪಕ್ಕದ ಪುಸ್ತಕಗಳಿಗೂ ಹತ್ತುತ್ತದೆ.